ಶವಾಗಾರದಲ್ಲಿ ದುಡಿಯುವ ಕೈಗಳು



ಬೈಂದೂರಿನ ಪಶ್ಚಿಮಕ್ಕೆ ಕಡಲು. ಊರನ್ನು ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 66. ದೋಣಿ ಮಗುಚಿ ಸತ್ತರೂ, ರಸ್ತೆ ಅಪಘಾತದಲ್ಲಿ ಸತ್ತರೂ ಕಾರಣ ತಿಳಿಯಲು ಮರಣೋತ್ತರ ಪರೀಕ್ಷೆ ನಡೆಯುತ್ತದೆ. ವರದಿಗೆ ಸಹಿ ಹಾಕುವ ವೈದ್ಯರನ್ನು ನೀವು ಬಲ್ಲಿರಿ. ಅವರ ಪಕ್ಕದಲ್ಲಿ ನಿಂತು ಶವವನ್ನು ತೆರೆಯಲು ನೆರವಾಗುವ, ಕೊನೆಗೆ ಹೊಲಿದು ಕೊಡುವ ಸಹಾಯಕನನ್ನು ಬಲ್ಲಿರಾ?

ಮನುಷ್ಯ ಸತ್ತೊಡನೆ ರೋಗಾಣುಗಳೂ ಸಾಯುತ್ತವೆ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಸೋಂಕುಕಾರಕವಾಗಿ ಉಳಿಯಬಲ್ಲದು. ಶೀತಲೀಕರಿಸಿದ ಶವಗಳಲ್ಲಿ ಎರಡು ವಾರಗಳ ನಂತರವೂ ಸಕ್ರಿಯ ಎಚ್‌ಐವಿ ಪತ್ತೆಯಾಗಿದೆ. ಹಾಗೆಂದು ಶವ ಮುಟ್ಟಿದ ಮಾತ್ರಕ್ಕೆ ಇವು ಅಂಟುವುದಿಲ್ಲ. ಹೊಲಿಗೆಯ ಸೂಜಿ ಚುಚ್ಚಿದಾಗ, ಮುರಿದ ಪಕ್ಕೆಲುಬು ಗೀರಿದಾಗ, ರಕ್ತ ಕಣ್ಣಿಗೆ ಸಿಡಿದಾಗ ಅಪಾಯ.

ಎಷ್ಟು ಅಪಾಯ? ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸುಮಾರು 1,000ಕ್ಕೆ 3; ಹೆಪಟೈಟಿಸ್ ಸಿ 100ಕ್ಕೆ 2ಕ್ಕಿಂತ ಕಡಿಮೆ; ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ 100ಕ್ಕೆ 6ರಿಂದ 30. ಗಮನಿಸಿ, ಜನ ಹೆಚ್ಚು ಹೆದರುವುದು ಎಚ್‌ಐವಿಗೆ. ಹೆಚ್ಚು ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ. ಅದಕ್ಕೆ ಲಸಿಕೆಯೂ ಇದೆ: ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಚುಚ್ಚುಮದ್ದು.

ಯಾವ ಶವದಲ್ಲಿ ಸೋಂಕಿದೆಯೆಂದು ಮುಖ ನೋಡಿ ಹೇಳಲಾಗದು. ಆದ್ದರಿಂದ ಎಲ್ಲ ಶವಗಳಿಗೂ ಒಂದೇ ಎಚ್ಚರಿಕೆ: ಎರಡು ಪದರ ಕೈಗವಸು, ನಡುವೆ ಕತ್ತಿ ತಾಗದ ಜಾಲರಿ ಕೈಗವಸು, ಕಣ್ಣಿಗೆ ಕನ್ನಡಕ, ಮೈಗೆ ನೀರಿಳಿಯದ ಏಪ್ರನ್. ಸೂಜಿಯನ್ನು ಹಿಡಿಯಬೇಕಾದದ್ದು ಚಿಮಟದಲ್ಲಿ, ಬೆರಳಲ್ಲಲ್ಲ.

ಗಾಯವಾದರೆ ಹಿಂಡಬಾರದು, ಸೋಪು ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಿಗೆ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಸಾಧ್ಯವಾದರೆ 2 ಗಂಟೆಯೊಳಗೆ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಆದರೆ ಪರೀಕ್ಷೆಯಲ್ಲಿ ಪತ್ತೆಯಾದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಗಳಿಂದ ಬಹುತೇಕರು ಗುಣವಾಗುತ್ತಾರೆ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, ಇಂತಹ ಅಪಾಯವಿರುವ ಕಡೆ ರಕ್ಷಣಾ ಸಾಧನ, ತರಬೇತಿ ಹಾಗೂ ಸೋಂಕು ತಡೆಯುವ ಔಷಧಿ ಒದಗಿಸುವುದು ಸಂಸ್ಥೆಯ ಹೊಣೆ ಎನ್ನುತ್ತದೆ. ದಿನಗೂಲಿಯವನ ರಕ್ತವೂ ಖಾಯಂ ನೌಕರನ ರಕ್ತವೂ ಒಂದೇ.

ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ಪೊಲೀಸರು, ಅಧಿಕಾರಿಗಳು. ಶವಾಗಾರಕ್ಕೆ ಹೋಗುವ ದಿನ ಬಂದಾಗ ಆ ಸಹಾಯಕನನ್ನು ಒಂದು ಮಾತು ಕೇಳಿ: "ಮೂರೂ ಚುಚ್ಚುಮದ್ದು ಆಗಿದೆಯೇ?"