ಒತ್ತುವ ಕೈ, ಒಪ್ಪುವ ಮೈ

(ವಾಚನಾಲಯವೊಂದರ ವಾರದ ಕೂಟದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ಚಕ್ಕೋತದ ಹಣ್ಣು ಬಿಡಿಸುವಾಗ ತಾವೆಲ್ಲ ಗಮನಿಸಿರುತ್ತೀರಿ. ದಪ್ಪ ಸಿಪ್ಪೆ ತೆಗೆದರೆ ಒಳಗೆ ಬಿಳಿಯ ಪದರ, ಒಂದೊಂದು ತೊಳೆಗೂ ಒಂದು ಪೊರೆ, ತೊಳೆಯೊಳಗಿನ ರಸದ ಎಳೆಗಳಿಗೂ ಮತ್ತೊಂದು ಪೊರೆ. ಈ ಪೊರೆಗಳಿಲ್ಲದಿದ್ದರೆ ಹಣ್ಣಿಗೆ ಆಕಾರವೇ ಇರುತ್ತಿರಲಿಲ್ಲ. ನಮ್ಮ ದೇಹದ ರಚನೆಯೂ ಹೆಚ್ಚುಕಡಿಮೆ ಹೀಗೆಯೇ. ಚರ್ಮದ ಕೆಳಗೆ, ಸ್ನಾಯುಗಳ ಸುತ್ತ, ಸ್ನಾಯುವಿನೊಳಗಿನ ಎಳೆಗಳ ಸುತ್ತ ಹೆಣೆದುಕೊಂಡಿರುವ ಪೊರೆಯ ಹೆಸರು ‘ಫ್ಯಾಸಿಯಾ’. ಬಹುಕಾಲ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಶವ ಕೊಯ್ದು ಕಲಿಯುವ ವೈದ್ಯ ವಿದ್ಯಾರ್ಥಿಗಳಿಗೆ ಅದು ಸ್ನಾಯುವನ್ನು ಮರೆಮಾಡುವ ಅಡ್ಡಿಯಷ್ಟೇ ಆಗಿತ್ತು.

ಇಂದು ‘ಫ್ಯಾಸಿಯಾ ಸಡಿಲಿಸುತ್ತೇವೆ’ ಎಂಬ ಫಲಕಗಳು ನಗರಗಳಲ್ಲಿ ಕಾಣುತ್ತವೆ. ಸೊಂಟ ಹಿಡಿದವರು, ಭುಜ ಎತ್ತಲಾಗದವರು ಹಣ ಕೊಟ್ಟು ಹೋಗುತ್ತಾರೆ. ಹಲವರು ಹಗುರಾಗಿಯೂ ಬರುತ್ತಾರೆ. ಹಾಗಾದರೆ ಆ ಕೈಗಳು ನಿಜವಾಗಿ ಮಾಡುವುದೇನು? ಇದನ್ನು ತಿಳಿಯಲು ಈ ಚಿಕಿತ್ಸೆಯ ಕಥೆಯನ್ನು ಸ್ವಲ್ಪ ನೋಡಬೇಕು.

ಅಮೆರಿಕದಲ್ಲಿ 1874ರಲ್ಲಿ ಆಸ್ಟಿಯೋಪಥಿ ಪದ್ಧತಿಯನ್ನು ಸಾರಿದ ಆಂಡ್ರ್ಯೂ ಟೇಲರ್ ಸ್ಟಿಲ್ ತಮ್ಮ ಬರಹಗಳಲ್ಲಿ ಫ್ಯಾಸಿಯಾಗೆ ದೊಡ್ಡ ಸ್ಥಾನ ಕೊಟ್ಟರು. ಜರ್ಮನಿಯ ಎಲಿಜಬೆತ್ ಡಿಕೆ ಅವರದು ಬೇರೆಯೇ ದಾರಿ. 1929ರಲ್ಲಿ ರಕ್ತಸಂಚಾರದ ತೊಂದರೆಯಿಂದ ಅವರ ಬಲಗಾಲನ್ನೇ ಕತ್ತರಿಸಬೇಕಾದೀತು ಎಂಬ ಸ್ಥಿತಿ ಬಂದಿತ್ತು. ಹಾಸಿಗೆ ಹಿಡಿದ ಆಕೆ ನೋಯುತ್ತಿದ್ದ ತಮ್ಮ ಸೊಂಟದ ಚರ್ಮವನ್ನು ಬೆರಳಿನಿಂದ ಎಳೆದು ನೀವಿಕೊಳ್ಳುತ್ತಾ ಹೋದರು. ಕಾಲಿಗೆ ಬಿಸುಪು ಮರಳಿತು, ಕಾಲು ಉಳಿಯಿತು. ಆ ಅನುಭವದಿಂದ ಅವರು ರೂಪಿಸಿದ ಮಸಾಜು ಪದ್ಧತಿ ಜರ್ಮನಿಯಲ್ಲಿ ನೆಲೆಯೂರಿತು.

ಆದರೆ ಫ್ಯಾಸಿಯಾ ಚಿಕಿತ್ಸೆಯನ್ನು ಜನಪ್ರಿಯಗೊಳಿಸಿದವರು ಐಡಾ ರಾಲ್ಫ್. ನ್ಯೂಯಾರ್ಕಿನಲ್ಲಿ 1896ರಲ್ಲಿ ಹುಟ್ಟಿದ ಈಕೆ ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1920ರಲ್ಲಿ ಡಾಕ್ಟರೇಟ್ ಪಡೆದು, ರಾಕ್‌ಫೆಲರ್ ಸಂಸ್ಥೆಯಲ್ಲಿ ಸಂಶೋಧಕಿಯಾಗಿದ್ದವರು. ಹೆಣ್ಣುಮಕ್ಕಳಿಗೆ ಪ್ರಯೋಗಾಲಯದ ಬಾಗಿಲು ಸುಲಭವಾಗಿ ತೆರೆಯದಿದ್ದ ಕಾಲವದು. ಯೋಗಾಸನಗಳನ್ನೂ ಆಸ್ಟಿಯೋಪಥಿಯನ್ನೂ ಪರಿಚಯ ಮಾಡಿಕೊಂಡ ಅವರು ತಮ್ಮದೇ ವಿಧಾನವೊಂದನ್ನು ಕಟ್ಟಿದರು. ಹತ್ತು ಸರದಿಗಳ ಚಿಕಿತ್ಸೆ ಅದು. ಬೆರಳು, ಗೆಣ್ಣು, ಕೆಲವೊಮ್ಮೆ ಮೊಣಕೈಯಿಂದಲೂ ನಿಧಾನವಾಗಿ, ಆಳವಾಗಿ ಒತ್ತುವುದು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಕೇಂದ್ರದಲ್ಲಿ ಇದು ‘ರಾಲ್ಫಿಂಗ್’ ಎಂದೇ ಹೆಸರಾಯಿತು.

ರಾಲ್ಫ್ ಅವರ ವಿವರಣೆ ಸರಳವಾಗಿತ್ತು. ಕೆಟ್ಟ ಭಂಗಿಯಿಂದ, ಪೆಟ್ಟಿನಿಂದ ಫ್ಯಾಸಿಯಾ ಗಡುಸಾಗುತ್ತದೆ. ಒತ್ತಡಕ್ಕೆ ಅದು ಗಟ್ಟಿ ತುಪ್ಪ ಕರಗಿದಂತೆ ಮೆದುವಾಗುತ್ತದೆ. ಆಗ ದೇಹ ಭೂಮಿಯ ಸೆಳೆತಕ್ಕೆ ಹೊಂದಿಕೊಂಡು ನೆಟ್ಟಗೆ ನಿಲ್ಲುತ್ತದೆ. ಕೇಳಲು ಚೆಂದ. ಅವರು 1979ರಲ್ಲಿ ತೀರಿಕೊಂಡ ನಂತರ ವಿಜ್ಞಾನಿಗಳು ಈ ಮಾತನ್ನು ಒರೆಗೆ ಹಚ್ಚಿದರು. 2007ರಲ್ಲಿ ಫ್ಯಾಸಿಯಾ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಬಾಸ್ಟನ್ನಿನಲ್ಲಿ ನಡೆಯಿತು. 2008ರಲ್ಲಿ ಪ್ರಕಟವಾದ ಗಣಿತದ ಲೆಕ್ಕಾಚಾರವೊಂದು ಮುಖ್ಯವಾದದ್ದು. ತೊಡೆಯ ಹೊರಬದಿಯ ಹಾಗೂ ಅಂಗಾಲಿನ ದಪ್ಪ ಫ್ಯಾಸಿಯಾವನ್ನು ನೂರಕ್ಕೆ ಒಂದು ಪಾಲು ಕುಗ್ಗಿಸಬೇಕಾದರೂ ಮನುಷ್ಯನ ಕೈಬಲ ಸಾಲದು ಎಂದು ಅದು ತೋರಿಸಿತು. ಲೆಕ್ಕ ಹಾಕಿದವರಲ್ಲಿ ಸ್ವತಃ ರಾಲ್ಫಿಂಗ್ ಕಲಿತ ರಾಬರ್ಟ್ ಶ್ಲೈಪ್ ಕೂಡ ಇದ್ದರೆಂಬುದು ಗಮನಾರ್ಹ.

ಕರಗದಿದ್ದರೆ ಮೈ ಹಗುರಾಗುವುದು ಹೇಗೆ? ಫ್ಯಾಸಿಯಾದಲ್ಲಿ ಒತ್ತಡವನ್ನೂ ಎಳೆತವನ್ನೂ ಗ್ರಹಿಸುವ ನರದ ತುದಿಗಳು ಹೇರಳವಾಗಿವೆ. ನಿಧಾನದ, ಹಿತವಾದ ಒತ್ತಡ ಅವುಗಳ ಮೂಲಕ ಮಿದುಳನ್ನು ತಲಪುತ್ತದೆ. ಅಪಾಯವಿಲ್ಲ ಎಂದು ಮಿದುಳಿಗೆ ಅನಿಸಿದಾಗ ಅದು ಸ್ನಾಯುಗಳ ಮೇಲಿನ ಬಿಗಿಹಿಡಿತವನ್ನು ಸಡಿಲಿಸುತ್ತದೆ. ಗಾಢ ನಿದ್ದೆಯಲ್ಲಿರುವ ಮಗುವಿನ ಕೈಕಾಲು ಎತ್ತ ಬೇಕಾದರೂ ಬಾಗುವುದನ್ನು ನೆನೆಯಿರಿ. ಎಷ್ಟೋ ಬಿಗಿತ ಪೊರೆಯದ್ದಲ್ಲ, ನರಮಂಡಲದ ಕಾವಲಿನದು. ಪದರಗಳ ನಡುವಿನ ಜಾರು ದ್ರವ ಒತ್ತಡದಿಂದ ತೆಳುವಾಗಿ ಚಲನೆ ಸುಲಭವಾಗುತ್ತದೆ ಎಂಬ ಇನ್ನೊಂದು ವಿವರಣೆಯೂ ಇದೆ. ಅದರ ಪರೀಕ್ಷೆ ಇನ್ನೂ ನಡೆದಿದೆ.

ವಿವರಣೆ ಯಾವುದಾದರೇನು, ನೋವು ಹೋದರೆ ಸಾಕಲ್ಲ ಎಂದು ತಾವು ಕೇಳಬಹುದು. ವ್ಯತ್ಯಾಸವಿದೆ. ಪೊರೆ ಕರಗುತ್ತದೆಂದು ನಂಬಿದವರು ಜೋರಾಗಿ ಒತ್ತಿದಷ್ಟೂ ಒಳ್ಳೆಯದೆಂದು ನೋವನ್ನು ಸಹಿಸುತ್ತಾರೆ, ವರ್ಷಗಟ್ಟಲೆ ಹಣ ತೆರುತ್ತಾರೆ. ನರಮಂಡಲದ ಮಾತಾದರೆ ಅತಿಯಾದ ನೋವು ಕಾವಲನ್ನು ಇನ್ನಷ್ಟು ಬಿಗಿಗೊಳಿಸೀತು. ಮಸಾಜಿನಿಂದ ದೊರೆತ ಸಡಿಲ ಸಾಮಾನ್ಯವಾಗಿ ಬಹುಕಾಲ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ನಡೆದು, ಬಾಗಿ, ಎತ್ತಿ ಅಭ್ಯಾಸ ಮಾಡಿದರೆ ಮಾತ್ರ ಲಾಭ ಕೈಯಲ್ಲಿ ಉಳಿಯುತ್ತದೆ. ಮೈಸೂರಿನ ಗರಡಿಮನೆಗಳಲ್ಲಿ ಮಾಲೀಸು ಎಂದೂ ಒಂಟಿಯಲ್ಲ. ದಂಡ, ಬಸ್ಕಿ, ಮಟ್ಟಿಯ ಮೇಲಿನ ಪಟ್ಟು ಅದರ ಜೊತೆಗೇ ಇರುತ್ತವೆ. ಫಿಸಿಯೋಥೆರಪಿಸ್ಟರು ಹೇಳುವುದೂ ಅದನ್ನೇ.

ಕೊನೆಯದಾಗಿ ಎಚ್ಚರಿಕೆಯ ಮಾತು. ನಮ್ಮ ಹಳ್ಳಿಗಳಲ್ಲಿ ಬಿದ್ದ ಮಗುವಿನ ಮೊಣಕೈ ಊದಿಕೊಂಡರೆ ‘ಉಳುಕು’ ಎಂದು ಎಣ್ಣೆ ಹಚ್ಚಿ ತಿಕ್ಕಿಸುವುದುಂಟು. ಮೂಳೆವೈದ್ಯರು ಇದನ್ನು ಬೇಡವೆಂದು ಸಾರಿ ಸಾರಿ ಹೇಳುತ್ತಾರೆ. ಪೆಟ್ಟಾದ ಮೊಣಕೈಯನ್ನು ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೈ ಶಾಶ್ವತವಾಗಿ ಮಡಿಸಲಾರದಂತೆ ಆಗಬಹುದು. ಮೊದಲು ಎಕ್ಸ್-ರೇ ತೆಗೆಸಬೇಕು. ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಲ್ಲಿ ಒತ್ತಲೇಬಾರದು. ಬೆನ್ನುನೋವಿನೊಡನೆ ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಆದ್ದರಿಂದ ಮೈ ಒತ್ತಿಸಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ನನ್ನ ನೋವಿಗೆ ಇದು ತಕ್ಕದ್ದೇ? ಆಮೇಲೆ ಮನೆಯಲ್ಲಿ ನಾನು ಮಾಡಬೇಕಾದ ವ್ಯಾಯಾಮ ಯಾವುದು? ಎರಡನೆಯದಕ್ಕೆ ಉತ್ತರವಿಲ್ಲದವರು ತಮ್ಮನ್ನು ಮತ್ತೆ ಮತ್ತೆ ಬರಮಾಡಿಕೊಳ್ಳುವರೇ ಹೊರತು ನಡೆಸಲಾರರು.