ಶೀಲವೆಂಬ ಮಾತು, ಶೀಲವೆಂಬ ನಡೆ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಸೀಮೆಗಳಿಂದಲೂ ಬಂದು ನೆರೆದಿರುವ ಈ ಭಕ್ತಸಮೂಹದ ಮುಂದೆ ನಾನು ಅರಿಕೆ ಮಾಡಬೇಕೆಂದಿರುವ ವಿಷಯವು ಮೊದಲು ನೋಡುವುದಕ್ಕೆ ಅಲ್ಪವೆಂದು ತೋರಬಹುದು. ಒಬ್ಬರ ಗುಣವನ್ನು ಹೊಗಳಬೇಕಾದಾಗ ಈಗ ನಮ್ಮ ನಾಲಗೆಗೆ ಮೊದಲು ಬರುವುದು ಇಂಗ್ಲಿಷಿನ ಮಾತು. ‘ಆತ ಜಂಟಲ್‌ಮನ್’, ‘ಬಹಳ ಡೀಸೆಂಟು’, ‘ಸಿನ್ಸಿಯರ್ ಹುಡುಗ’, ‘ಕ್ಯಾರೆಕ್ಟರ್ ಒಳ್ಳೆಯದು’ ಎನ್ನುತ್ತೇವೆ. ಪರಭಾಷೆಯ ಮಾತು ಬಂದಿತೆಂದು ಕೊರಗಬೇಕಾಗಿಲ್ಲ. ‘ನಿಯತ್ತು’ ಎಂಬುದು ಅರಬ್ಬಿಯ ಮೂಲದಿಂದ ಬಂದರೂ ನಮ್ಮ ರೈತನ ಬಾಯಲ್ಲಿ ಮನೆಯ ಮಾತೇ ಆಗಿ ನಿಂತಿದೆ. ಆದರೆ ಮಾತನ್ನು ಆಡುವವರು ಅದರ ತೂಕವನ್ನೂ ಅರಿತಿರಬೇಕಷ್ಟೆ.

ಆ ಮಾತುಗಳ ಬೇರನ್ನು ಅರಸಿದರೆ ವಿಚಿತ್ರವಾದ ಸಂಗತಿಗಳು ಕಾಣುತ್ತವೆ. ‘ನೋಬಲ್’ ಎಂಬುದಕ್ಕೆ ಮೂಲವಾದ ಲ್ಯಾಟಿನ್ ಪದದ ಅರ್ಥ ‘ಹೆಸರುವಾಸಿಯಾದ’ ಎಂದು. ಬಳಿಕ ಅದು ದೊಡ್ಡ ಮನೆತನದಲ್ಲಿ ಹುಟ್ಟಿದವರಿಗೆ ಸಂದಿತು. ‘ಜಂಟಲ್‌ಮನ್’ ಎಂಬುದರ ಬೇರೂ ಕುಲವೇ. ಗುಣವನ್ನು ಹುಟ್ಟಿನಿಂದ ಅಳೆಯುವ ರೂಢಿ ಆ ನಾಡುಗಳಲ್ಲಿಯೂ ಇದ್ದಿತು. ಕುಲವಂತನಿಗೆ ಮೀಸಲಾದ ಹೆಸರು ನಡತೆಯುಳ್ಳವನಿಗೆ ಸಲ್ಲಲು ಕಾಲ ಹಿಡಿಯಿತು. ನಮ್ಮ ಶರಣರು 12ನೆಯ ಶತಮಾನದಲ್ಲಿಯೇ ಹುಟ್ಟಿನ ಹಿರಿಮೆಯನ್ನು ಒತ್ತಟ್ಟಿಗಿಟ್ಟು ಆಚಾರದ ಹಿರಿಮೆಯನ್ನು ಸಾರಿದುದನ್ನು ಇಲ್ಲಿ ನೆನೆಯಬೇಕು.

ಇನ್ನು ‘ಕ್ಯಾರೆಕ್ಟರ್’ ಎಂಬುದು ಗ್ರೀಕರಲ್ಲಿ ಕೊರೆದು ಒತ್ತಿದ ಗುರುತು. ನಮ್ಮ ಮಾತಾದರೋ ಬೇರೆ ಬಗೆಯದು. ‘ನಡತೆ’ ಹುಟ್ಟಿದುದು ‘ನಡೆ’ ಎಂಬುದರಿಂದ. ‘ಆಚಾರ’ದ ಧಾತುವಿಗೂ ನಡೆಯುವುದೆಂದೇ ಅರ್ಥ. ಒಮ್ಮೆ ಒತ್ತಿದರೆ ಮುದ್ರೆ ಉಳಿದೀತು. ನಡೆಯನ್ನು ದಿನದಿನವೂ ನಡೆಯಲೇಬೇಕು. ಪಂಚಾಚಾರಗಳಲ್ಲಿ ಒಂದಾದ ಸದಾಚಾರವು ಸತ್ಯಶುದ್ಧ ಕಾಯಕದಿಂದ ಬಾಳಿ, ಬಂದುದನ್ನು ಹಂಚಿಕೊಳ್ಳಬೇಕೆಂದು ವಿಧಿಸುವುದೂ ಇದೇ ಕಾರಣದಿಂದ. ‘ಗುಣ’ವೆಂದರೆ ಸಂಸ್ಕೃತದಲ್ಲಿ ಎಳೆ, ನೂಲು ಎಂಬ ಅರ್ಥವೂ ಉಂಟು. ರಾಮನಗರ, ಕನಕಪುರಗಳ ರೇಷ್ಮೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದು ಗೂಡಿನ ಎಳೆ ಬಲು ನವಿರು. ಹಲವು ಗೂಡುಗಳ ಎಳೆ ಕೂಡಿದರೆ ಮಾತ್ರ ನೇಯಲು ಯೋಗ್ಯವಾದ ನೂಲು. ಸತ್ಯ, ದಯೆ, ಹೊಣೆ, ನಾಚಿಕೆ ಇವೆಲ್ಲ ಕೂಡಿದಾಗಲೇ ಸದ್ಗುಣ. ಒಂದೆಳೆಯನ್ನು ಹಿಡಿದು ಅದನ್ನೇ ಸೀರೆಯೆನ್ನಲಾಗದು.

ಆದರೆ ನಾವು ಮಾಡುತ್ತಿರುವುದು ಅದನ್ನೇ. ‘ಶೀಲ’ವೆಂಬ ವಿಶಾಲವಾದ ಮಾತನ್ನು ಹೆಣ್ಣಿನ ದೇಹಕ್ಕೆ ಕಟ್ಟಿಹಾಕಿದೆವು. ಈಗ ‘ಕ್ಯಾರೆಕ್ಟರ್ ಸರಿಯಿಲ್ಲ’ ಎಂಬ ಮಾತಿಗೂ ಅದೇ ಗತಿಯಾಗಿದೆ. ಇಂಗ್ಲಿಷಿನ ‘ವರ್ಚು’ ಎಂಬ ಮಾತಿನ ಕಥೆಯೂ ಹೀಗೆಯೇ. ಅದು ‘ವಿರ್’, ಅಂದರೆ ಗಂಡಸು, ಎಂಬ ಲ್ಯಾಟಿನ್ ಪದದಿಂದ ಬಂದುದು. ಮೊದಲು ಪೌರುಷವೆಂಬ ಅರ್ಥವಿದ್ದುದು, ಹೆಣ್ಣಿಗೆ ಅನ್ವಯಿಸುವಾಗ ಪಾತಿವ್ರತ್ಯವೊಂದಕ್ಕೇ ಕುಗ್ಗಿತು. ಗೂಡಿನ ತೂಕದಲ್ಲಿ ಮೋಸಮಾಡುವವನನ್ನು, ಕೊಟ್ಟ ಮಾತಿಗೆ ತಪ್ಪುವವನನ್ನು, ಕುಡಿದು ಮನೆಯವರನ್ನು ಬಡಿಯುವವನನ್ನು ಯಾರೂ ಶೀಲಗೆಟ್ಟವನೆನ್ನುವುದಿಲ್ಲ. ಬಿಡದಿ, ಹಾರೋಹಳ್ಳಿಗಳ ಕಾರ್ಖಾನೆಗಳಲ್ಲಿ ದುಡಿದು ರಾತ್ರಿ ತಡವಾಗಿ ಬಸ್ಸಿಳಿಯುವ ಮಗಳ ಮೇಲೆ ಮಾತ್ರ ಆ ಮಾತು ಬೀಳುತ್ತದೆ. ಸತ್ಯಶುದ್ಧ ಕಾಯಕ ಆಕೆಯದು, ಅಪವಾದವೂ ಆಕೆಗೇ! ಇದು ನ್ಯಾಯವೇ, ಶರಣರೇ?

ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವನ್ನು ತಾವೆಲ್ಲರೂ ಬಲ್ಲಿರಿ. ಪತಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಅಲ್ಲಿ ಶೀಲವು ಅಕ್ಕಿಯ ಅಳತೆಯಲ್ಲಿದ್ದಿತು. ಅದನ್ನು ಕಾದವಳು ಹೆಂಡತಿ, ತಿದ್ದಿಕೊಂಡವನು ಗಂಡ.

ದೂರ ಹೋಗಬೇಕಾಗಿಲ್ಲ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು. ಅವರ ಹಿರಿಮೆಗೆ ಯಾವ ಭಾಷೆಯ ವಿಶೇಷಣವೂ ಬೇಕಾಗಲಿಲ್ಲ. ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ನಿತ್ಯದಾಸೋಹವೇ ಅವರ ಗುಣವನ್ನು ಹೇಳಿತು.

ಆದುದರಿಂದ ನನ್ನ ಬಿನ್ನಹವಿಷ್ಟೆ. ಕನ್ಯೆಯ ನಡತೆಯನ್ನು ನೂರು ಕಡೆ ವಿಚಾರಿಸುವ ನಾವು ವರನ ನಿಯತ್ತು, ಸಾಲ, ಚಟಗಳನ್ನೂ ಅಷ್ಟೇ ಶ್ರದ್ಧೆಯಿಂದ ವಿಚಾರಿಸೋಣ. ಮಗನಿಗೂ ಮಗಳಿಗೂ ಒಂದೇ ತಕ್ಕಡಿಯಿರಲಿ. ದುಡಿದು ಬರುವ ಹೆಣ್ಣುಮಗಳ ಬೆನ್ನ ಹಿಂದೆ ಹಗುರವಾದ ಮಾತು ಕೇಳಿಬಂದರೆ ಅಲ್ಲಿಯೇ ತಡೆಯೋಣ. ಕೇಳಿ ಸುಮ್ಮನಿರುವುದೂ ಆ ಮಾತನ್ನು ಆಡಿದಂತೆಯೇ. ‘ಕ್ಯಾರೆಕ್ಟರ್’ ಎನ್ನಿರಿ, ‘ಶೀಲ’ವೆನ್ನಿರಿ, ಆ ಮಾತನ್ನು ಪರರ ಮೇಲೆ ಎಸೆಯುವ ಮೊದಲು ನಮ್ಮ ನಡೆಯ ಮೇಲಿಟ್ಟು ತೂಗಿ ನೋಡೋಣ.

ಅಂತಹ ಬುದ್ಧಿಯನ್ನು ಶ್ರೀಗುರುವು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.