‘ನಿಯಂತ್ರಣ ತಪ್ಪಿ’ ಅಂದರೇನು ಸ್ವಾಮಿ?

‘ಚಾಲಕನ ನಿಯಂತ್ರಣ ತಪ್ಪಿ ಬಸ್ ಪಲ್ಟಿ’. ಬೆಳಗಿನ ಬುಲೆಟಿನ್‌ನಲ್ಲಿ ಈ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ನಿಯಂತ್ರಣ ಯಾಕೆ ತಪ್ಪಿತು? ಕುಡಿದಿದ್ದನಾ ಅಂತ ಎಲ್ಲರೂ ಕೇಳ್ತಾರೆ. ಕೊನೇ ಸಲ ನಿದ್ದೆ ಮಾಡಿದ್ದು ಯಾವಾಗ ಅಂತ ಕೇಳೋರು ಯಾರು?

ಒಂದು ಲೆಕ್ಕ ನೋಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ನಮ್ಮಲ್ಲಿ ಕೇಸು. ಸತತ 17 ಗಂಟೆ ಎಚ್ಚರವಿದ್ದವನ ಚುರುಕು, 50 ಮಿಲಿಗ್ರಾಂ ಏರಿಸಿಕೊಂಡವನಷ್ಟೇ ಕುಗ್ಗುತ್ತದೆ ಅಂತ 1997ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಅಂದರೆ ಬೆಳಿಗ್ಗೆ 6ಕ್ಕೆ ಎದ್ದು, ಮಧ್ಯೆ ಮಲಗದೆ, ರಾತ್ರಿ 11ಕ್ಕೆ ಸ್ಟೇರಿಂಗ್ ಹಿಡಿದವನು ಒಂದು ಹನಿಯೂ ಕುಡಿಯದೆ ಆ ಮಿತಿ ದಾಟಿದ ಹಾಗೇ ಲೆಕ್ಕ. ಆದರೆ ಊದಿಸಿದರೆ ಮಷಿನ್ ಸೊನ್ನೆ ತೋರಿಸುತ್ತೆ!

ದಣಿವು ಹೇಳದೆ ಬರೋದಿಲ್ಲ. ಆಕಳಿಕೆ ಮೇಲೆ ಆಕಳಿಕೆ, ಕಣ್ಣುರಿ, ಹಿಂದಿನ ಎರಡು ಕಿಲೋಮೀಟರ್ ಹೇಗೆ ಬಂದೆ ಅನ್ನೋದೇ ನೆನಪಿಲ್ಲ. ಅಲ್ಲಿಗೆ ಮುಗೀತು, ಗಾಡಿ ನಿಲ್ಲಿಸಿ. ರಾತ್ರಿ 2ರಿಂದ ಬೆಳಗಿನ ಜಾವ 5ರವರೆಗೆ ದೇಹ ನಿದ್ದೆಯನ್ನೇ ಬೇಡುತ್ತೆ. 80 ಕಿಲೋಮೀಟರ್ ವೇಗದಲ್ಲಿ ನಾಲ್ಕೇ ಸೆಕೆಂಡು ಕಣ್ಣು ಮುಚ್ಚಿದರೆ ಬಸ್ಸು ಸುಮಾರು 90 ಮೀಟರ್ ಕುರುಡಾಗಿ ಓಡುತ್ತದೆ. ಕಿಟಕಿ ತೆಗೆಯೋದು, ಹಾಡು ಜೋರು ಮಾಡೋದು ಇದಕ್ಕೆ ಮದ್ದಲ್ಲ. ಕಾಫಿ ಕೆಲಸ ಮಾಡೋಕೂ ಅರ್ಧ ಗಂಟೆ ಹತ್ತಿರ ಬೇಕು. ಕಾಫಿ ಕುಡಿದು, ಗಾಡಿ ಬದಿಗೆ ಹಾಕಿ, 20 ನಿಮಿಷ ಮಲಗಿ.

ಮನೆಯಲ್ಲೂ ಇದೇ ಕಥೆ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ದುಡಿದು ಬಂದು, ಮತ್ತೆ ಒಲೆ ಮುಂದೆ ನಿಲ್ಲುವ ತಾಯಿ ಹಾಲಿಟ್ಟು ಮರೆಯುತ್ತಾಳೆ. ‘ಏನಮ್ಮಾ ನಿನ್ನ ಮರೆವು’ ಅಂತ ನಗಬೇಡಿ. ಅದು ಮರೆವಲ್ಲ, ದಣಿವು. ಇವತ್ತು ಒಲೆ ನೀವು ನೋಡಿಕೊಳ್ಳಿ.

ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಯೊಳಗೆ ಅರ್ಧ ಗಂಟೆ ವಿರಾಮ ಅಂತ ಸಾರಿಗೆ ಕಾರ್ಮಿಕರಿಗಾಗಿ 1961ರಲ್ಲೇ ಕಾಯ್ದೆ ಬಂತು. ಡಬಲ್ ಡ್ಯೂಟಿ ಮಾಡಿದವನಿಗೆ ಶಭಾಷ್ ಅನ್ನುವ ಮಾಲೀಕರೇ, ನೀವು ಹೊಗಳುತ್ತಿರುವುದು ನಿಷ್ಠೆಯನ್ನಲ್ಲ, ಅಪಾಯವನ್ನು. ನಲವತ್ತು ಜನರ ಪ್ರಾಣ ಅವನ ರೆಪ್ಪೆಯ ಮೇಲಿದೆ.

ರಾತ್ರಿ ಬಸ್ ಹತ್ತುವಾಗ ಡ್ರೈವರಣ್ಣನನ್ನು ಪ್ರೀತಿಯಿಂದ ಒಂದು ಮಾತು ಕೇಳಿ: ‘ಅಣ್ಣಾ, ನಿದ್ದೆ ಆಯ್ತಾ?’ ದಾರಿಯಲ್ಲಿ ಅವರು ಸ್ವಲ್ಪ ನಿಲ್ಲಿಸುತ್ತೇನೆ ಅಂದರೆ ಗೊಣಗಬೇಡಿ. ಅರ್ಧ ಗಂಟೆ ತಡವಾದರೂ ಪರವಾಗಿಲ್ಲ, ಎಲ್ಲರೂ ಊರು ಸೇರೋಣ.